ಲೆಕ್ಕಕ್ಕೆ ಸಿಗದ ನೀರು

ಬೆಂಗಳೂರಿನ ಜಲಮಂಡಳಿಯವರ ಬಾಯಲ್ಲಿ ಒಂದು ಮಾತಿದೆ: ‘ಲೆಕ್ಕಕ್ಕೆ ಸಿಗದ ನೀರು’. ಕಾವೇರಿಯಿಂದ ಪಂಪ್ ಆಗಿ ಬಂದದ್ದು ಇಷ್ಟು, ಮೀಟರಿನಲ್ಲಿ ಓಡಿದ್ದು ಇಷ್ಟು, ನಡುವೆ ಮಾಯವಾದದ್ದು ಇಷ್ಟು. ಅದರ ಬಗ್ಗೆ ನಾವು ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಜಗಳ ಆಡ್ತೀವಿ, ಟ್ಯಾಂಕರಿನವನ ಹತ್ತಿರ ಲೀಟರ್ ಲೆಕ್ಕ ಕೇಳ್ತೀವಿ. ಇದೇ ಊರಿನ ಆಸ್ಪತ್ರೆಗಳಲ್ಲಿ ಇನ್ನೊಂದು ಬಗೆಯ ಲೆಕ್ಕಕ್ಕೆ ಸಿಗದ ನೀರಿದೆ. ಅದು ಸೋರಿ ಹೋಗೋದಿಲ್ಲ, ಒಳಗೇ ಉಳಿಯುತ್ತೆ. ಮಕ್ಕಳ ಐಸಿಯುನಲ್ಲಿ ಮಲಗಿರೋ ಎರಡು ವರ್ಷದ ಮಗುವಿನ ಶ್ವಾಸಕೋಶದಲ್ಲಿ, ಕರುಳಿನ ಗೋಡೆಯಲ್ಲಿ, ಊದಿಕೊಂಡ ಕಣ್ಣುರೆಪ್ಪೆಯಲ್ಲಿ. ಅದರ ಬಗ್ಗೆ ಯಾರೂ ಲೆಕ್ಕ ಕೇಳಲ್ಲ.

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಫಾರ್ಮಸಿಸ್ಟ್. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಲ್ಲೋದಲ್ಲ ನನ್ನ ಕೆಲಸ. ವಾರ್ಡಿನಲ್ಲಿ ಯಾವ ಮದ್ದು ಎಷ್ಟು, ಯಾವುದರಲ್ಲಿ ಬೆರೆಸಿ, ಎಷ್ಟು ಹೊತ್ತಿನಲ್ಲಿ ಹೋಗಬೇಕು ಅಂತ ನೋಡೋದು. ಹಾಗಾಗಿ ಈ ಜಗಳ ನನ್ನದು. ಜಗಳ ಯಾರ ಮೇಲೆ ಅಂದ್ರೆ, ಮೊದಲು ನಿಮ್ಮ ಮೇಲೆ, ಆಮೇಲೆ ನಮ್ಮವರ ಮೇಲೆ.

ನಿಮ್ಮಿಂದಲೇ ಶುರು ಮಾಡ್ತೀನಿ. ನಮ್ಮಲ್ಲಿ ಡ್ರಿಪ್ ಅನ್ನೋದು ಚಿಕಿತ್ಸೆ ಅಲ್ಲ, ಒಂದು ನಂಬಿಕೆ. ಹಳ್ಳಿಯಲ್ಲಿ ‘ಒಂದು ಬಾಟ್ಲಿ ಏರಿಸಿ ಡಾಕ್ಟ್ರೇ, ಮಗು ಸೊರಗಿ ಹೋಗಿದೆ’ ಅಂತಾರೆ. ಅದನ್ನ ಕೇಳಿ ನಗೋ ನಾವು ಇಂದಿರಾನಗರದಲ್ಲಿ ‘ಡ್ರಿಪ್ಸ್ ಹಾಕಿದ್ರೆ ಬೇಗ ರಿಕವರ್ ಆಗಲ್ವಾ?’ ಅಂತೀವಿ. ಭಾಷೆ ಬೇರೆ, ಭಕ್ತಿ ಒಂದೇ. ಈಗಂತೂ ಮುಖ ಬೆಳ್ಳಗಾಗೋಕೆ ಗ್ಲುಟಾಥಯೋನ್ ಡ್ರಿಪ್, ಪಾರ್ಟಿ ಮರುದಿನದ ತಲೆನೋವಿಗೆ ವಿಟಮಿನ್ ಡ್ರಿಪ್ ಅಂತ ಸೋಫಾ ಮೇಲೆ ಕೂತು ಏರಿಸಿಕೊಳ್ಳೋ ಅಂಗಡಿಗಳೂ ಬಂದಿವೆ. ಬಾಟ್ಲಿ ಅಂದ್ರೆ ಶಕ್ತಿ, ಬಾಟ್ಲಿ ತೂಗುಹಾಕಿದ್ರೆ ಏನೋ ನಡೀತಿದೆ ಅನ್ನೋ ಸಮಾಧಾನ.

ಆ ಶಕ್ತಿ ಎಷ್ಟು ಅಂತ ನೋಡೋಣ. ಶೇ 5ರ ಗ್ಲೂಕೋಸ್ ಇರುವ ಅರ್ಧ ಲೀಟರ್ ಬಾಟ್ಲಿಯಲ್ಲಿ 25 ಗ್ರಾಂ ಸಕ್ಕರೆ ಇರುತ್ತೆ. ಹೆಚ್ಚೆಂದರೆ 100 ಕ್ಯಾಲರಿ. ಒಂದು ಬಾಳೆಹಣ್ಣಿನಷ್ಟು. ಪ್ರೋಟೀನ್ ಸೊನ್ನೆ, ಕೊಬ್ಬು ಸೊನ್ನೆ. ಉಳಿದದ್ದೆಲ್ಲ ನೀರು. ಬರೀ ಸಲೈನ್ ಆದ್ರೆ ಕ್ಯಾಲರಿಯೂ ಇಲ್ಲ, ಉಪ್ಪುನೀರು. ಬಾಯಲ್ಲಿ ತಿನ್ನಬಲ್ಲ ಮಗುವಿಗೆ ಬಾಳೆಹಣ್ಣು ತಿನ್ನಿಸೋದು ಬಿಟ್ಟು ಸೂಜಿ ಚುಚ್ಚಿಸಿಕೊಂಡು ಬರೋದನ್ನ ನಾವು ‘ಒಳ್ಳೆ ಟ್ರೀಟ್‌ಮೆಂಟ್’ ಅಂತ ಕರೀತೀವಿ.

ಆರೋಗ್ಯವಂತ ದೇಹಕ್ಕೆ ಇದರಿಂದ ದೊಡ್ಡ ನಷ್ಟವೇನೂ ಆಗಲಿಕ್ಕಿಲ್ಲ. ಎರಡು ಸಲ ಬಾತ್‌ರೂಮಿಗೆ ಹೋದರೆ ಮುಗೀತು. ತೀವ್ರ ಕಾಯಿಲೆ ಬಿದ್ದ ಮಗುವಿನ ದೇಹ ಹಾಗಲ್ಲ. ಜ್ವರ, ನೋವು, ವಾಂತಿ, ನ್ಯುಮೋನಿಯಾ, ಮಿದುಳಿನ ಸೋಂಕು, ಆಪರೇಷನ್: ಇವುಗಳಲ್ಲಿ ಯಾವುದೇ ಇದ್ದರೂ ಮಿದುಳು ಒಂದು ಹಾರ್ಮೋನನ್ನು ಬಿಡುಗಡೆ ಮಾಡುತ್ತೆ. ‘ನೀರು ಬಿಡಬೇಡ, ಹಿಡಿದಿಟ್ಟುಕೋ’ ಅಂತ ಕಿಡ್ನಿಗೆ ಅದರ ಆಜ್ಞೆ. ಅದರ ಮೇಲೆ ಸೋಂಕು ಜೋರಾದಾಗ ಸಣ್ಣ ರಕ್ತನಾಳಗಳ ಗೋಡೆಗಳೂ ಸಡಿಲವಾಗ್ತವೆ. ರಕ್ತದೊಳಗೆ ಹಾಕಿದ ನೀರು ಅಲ್ಲೇ ನಿಲ್ಲದೆ ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತೆ. ಹೊರಹೋಗೋ ಬಾಗಿಲು ಮುಚ್ಚಿದೆ, ಒಳಗಿನ ಪೈಪು ಸೋರ್ತಿದೆ, ನಾವು ಮೇಲಿಂದ ಸುರೀತಾ ಇದ್ದೀವಿ.

ಎಷ್ಟು ಸುರೀಬೇಕು ಅನ್ನೋ ಸೂತ್ರಕ್ಕೆ ಅರವತ್ತು ವರ್ಷ ದಾಟಿದೆ. 1957ರಲ್ಲಿ ಹಾಲಿಡೇ ಮತ್ತು ಸೆಗಾರ್ ಎಂಬ ಇಬ್ಬರು ಅಮೆರಿಕದ ವೈದ್ಯರು ಬರೆದದ್ದು. ಮಗುವಿನ ಮೊದಲ 10 ಕೆಜಿಗೆ, ಕೆಜಿಗೆ 100 ಮಿ.ಲೀ.ನಂತೆ, ಮುಂದಿನ 10 ಕೆಜಿಗೆ 50ರಂತೆ, ಅದರಾಚೆಗೆ 20ರಂತೆ, ದಿನವೊಂದಕ್ಕೆ. ದೇಹ ಎಷ್ಟು ಕ್ಯಾಲರಿ ಸುಡುತ್ತೆ ಅನ್ನೋದರಿಂದ ನೀರಿನ ಅಗತ್ಯವನ್ನು ಅಂದಾಜು ಮಾಡಿದ ಜಾಣ, ಸರಳ ಲೆಕ್ಕ. ಇವತ್ತಿಗೂ ವೈದ್ಯಕೀಯ ವಿದ್ಯಾರ್ಥಿಗಳು ಮಗ್ಗಿಯಂತೆ ಬಾಯಿಪಾಠ ಮಾಡೋದು ಇದನ್ನೇ. ಆದರೆ ವೆಂಟಿಲೇಟರ್ ಮೇಲೆ ನಿದ್ದೆಮದ್ದಿನಲ್ಲಿ ಮಲಗಿರುವ ಮಗು ಓಡಾಡಲ್ಲ, ಅಳಲ್ಲ, ಅದು ಎಳೆಯುವ ಗಾಳಿಗೆ ಯಂತ್ರವೇ ತೇವ ಬೆರೆಸುತ್ತೆ. ಅದರ ಹಾರ್ಮೋನು ನೀರು ಹಿಡಿದಿಡ್ತಾ ಇರುತ್ತೆ. ಅದಕ್ಕೇ ಇಂಥ ಮಕ್ಕಳಿಗೆ ಅನೇಕ ಐಸಿಯುಗಳು ಈ ಸೂತ್ರದ ಮೂರನೇ ಎರಡು ಭಾಗದ ಆಸುಪಾಸಿಗೆ ಇಳಿಸ್ತಾರೆ. ಕಾಗದದ ಮೇಲೆ ಇಳಿಸ್ತಾರೆ ಅನ್ನಬೇಕು. ನನ್ನ ತಕರಾರು ಶುರುವಾಗೋದು ಇಲ್ಲಿಂದ.

ಒಂದು ಲೆಕ್ಕ ಮಾಡೋಣ. ಇದು ಪ್ರಿಸ್ಕ್ರಿಪ್ಷನ್ ಅಲ್ಲ, ಬರೀ ಗಣಿತ. 12 ಕೆಜಿ ತೂಕದ ಮಗು. ಫಿಟ್ಸ್ ಬಂದಿದೆ, ಮಿದುಳಿನ ಸೋಂಕು ಅನ್ನೋ ಸಂಶಯ, ವೆಂಟಿಲೇಟರ್ ಮೇಲಿದೆ. 1957ರ ಸೂತ್ರದ ಪ್ರಕಾರ ದಿನಕ್ಕೆ 1,100 ಮಿ.ಲೀ. ಅದರ ಶೇ 70ಕ್ಕೆ ಇಳಿಸಿದರೆ 770. ‘ಇವತ್ತು ಒಟ್ಟು 770’ ಅಂತ ರೌಂಡ್ಸಿನಲ್ಲಿ ಡಾಕ್ಟ್ರು ಹೇಳ್ತಾರೆ, ಬರೀತಾರೆ.

ಈಗ ಮದ್ದುಗಳು. ವ್ಯಾಂಕೊಮೈಸಿನ್ ಆರು ಗಂಟೆಗೊಮ್ಮೆ 180 ಮಿ.ಗ್ರಾಂ. ಅದನ್ನ ಹಾಗೇ ಕೊಡೋ ಹಾಗಿಲ್ಲ, ಒಂದು ಮಿ.ಲೀ.ಗೆ 5 ಮಿ.ಗ್ರಾಂ ಆಗುವಷ್ಟು ತೆಳು ಮಾಡಬೇಕು. ಅಂದರೆ ಒಂದು ಡೋಸಿಗೆ 36 ಮಿ.ಲೀ., ದಿನಕ್ಕೆ 144. ಅಸೈಕ್ಲೊವಿರ್ ದಿನಕ್ಕೆ ಮೂರು ಸಲ, ಒಂದೊಂದು ಸಲ 24 ಮಿ.ಲೀ., ಒಟ್ಟು 72. ಸೆಫ್ಟ್ರಿಯಾಕ್ಸೋನ್ ದಿನಕ್ಕೆ ಒಂದು ಸಲ, 30. ಫಿಟ್ಸ್ ತಡೆಯೋಕೆ ಲೆವೆಟಿರಾಸೆಟಮ್ ಎರಡು ಸಲ, 32. ಜ್ವರಕ್ಕೆ ನರದ ಮೂಲಕ ಪ್ಯಾರಾಸಿಟಮಾಲ್ ನಾಲ್ಕು ಸಲ, ಸಲಕ್ಕೆ 18, ಒಟ್ಟು 72. ಇಲ್ಲಿಗೆ 350 ಆಯ್ತು.

ಇನ್ನೂ ಮುಗಿದಿಲ್ಲ. ಒಟ್ಟು 14 ಡೋಸ್. ಪ್ರತಿ ಡೋಸಿನ ಹಿಂದೆ ಮುಂದೆ ಪೈಪನ್ನು ಸಲೈನಿನಿಂದ ತೊಳೀಬೇಕು. ಸಲಕ್ಕೆ 5 ಮಿ.ಲೀ. ಅಂದ್ಕೊಳ್ಳಿ, 70 ಆಯ್ತು. ರಕ್ತದೊತ್ತಡ ನೋಡೋಕೆ ಕೈಯಲ್ಲೊಂದು ಲೈನು, ಕುತ್ತಿಗೆಯಲ್ಲೊಂದು ಲೈನು. ಎರಡೂ ಹೆಪ್ಪುಗಟ್ಟದಿರಲಿ ಅಂತ ಗಂಟೆಗೆ ಒಂದೊಂದು ಮಿ.ಲೀ. ಓಡ್ತಾ ಇರುತ್ತೆ. 48. ನಿದ್ದೆಯ ಮದ್ದು, ನೋವಿನ ಮದ್ದು, ರಕ್ತದೊತ್ತಡ ಏರಿಸೋ ಮದ್ದು ಅಂತ ಮೂರು ಸಿರಿಂಜ್ ಪಂಪು, ಗಂಟೆಗೆ ಒಂದೊಂದು ಮಿ.ಲೀ. 72. ಕೂಡಿ ನೋಡಿ: 540 ಮಿ.ಲೀ.

ಇದರಲ್ಲಿ ‘ಡ್ರಿಪ್’ ಅನ್ನೋ ಹೆಸರಿನ ಒಂದು ಹನಿಯೂ ಇಲ್ಲ. ಎಲ್ಲ ಮದ್ದಿನ ಜೊತೆ ಬಂದ ನೆಂಟರು. ಈಗ ಎರಡು ದಾರಿ. ಒಂದು, ಈ 540ನ್ನು ಲೆಕ್ಕಕ್ಕೆ ತಗೊಳ್ಳದೆ ಡ್ರಿಪ್ಪನ್ನು 770ಕ್ಕೆ ಓಡಿಸೋದು. ಆಗ ಮಗುವಿಗೆ ಹೋದದ್ದು 1,310. ಕಡಿಮೆ ಮಾಡಿದ್ದೀವಿ ಅಂತ ಅಂದುಕೊಂಡು, ಆರೋಗ್ಯವಂತ ಮಗುವಿಗೆ ಬೇಕಾದ್ದಕ್ಕಿಂತಲೂ ಜಾಸ್ತಿ ಕೊಟ್ಟ ಹಾಗಾಯ್ತು. ಎರಡು, ಲೆಕ್ಕಕ್ಕೆ ತಗೊಳ್ಳೋದು. ಆಗ ಹಾಲಿಗೆ, ಊಟಕ್ಕೆ ಉಳಿಯೋದು 230 ಮಿ.ಲೀ. ದಿನವಿಡೀ ಒಂದು ದೊಡ್ಡ ಲೋಟ. ಮೊದಲನೇ ದಾರಿಯಲ್ಲಿ ಮಗು ಊದಿಕೊಳ್ಳುತ್ತೆ, ಎರಡನೇ ದಾರಿಯಲ್ಲಿ ಹಸಿಯುತ್ತೆ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಅಂತ ನಮ್ಮ ಹಿರಿಯರು ಹೇಳಿದ್ದು ಉಳಿತಾಯದ ಬಗ್ಗೆ. ಐಸಿಯುನಲ್ಲಿ ಅದು ಅಕ್ಷರಶಃ ನಿಜ. ವೈದ್ಯಕೀಯ ಸಾಹಿತ್ಯದಲ್ಲಿ ಇದಕ್ಕೆ ‘ಫ್ಲೂಯಿಡ್ ಕ್ರೀಪ್’ ಅಂತಾರೆ, ಗೊತ್ತಾಗದ ಹಾಗೆ ತೆವಳಿಕೊಂಡು ಬರೋ ದ್ರವ. ನೀವು ಸಾಫ್ಟ್‌ವೇರಿನವರಾದ್ರೆ ‘ಸ್ಕೋಪ್ ಕ್ರೀಪ್’ ಗೊತ್ತಿರುತ್ತೆ. ಯಾರೂ ದೊಡ್ಡ ತಪ್ಪು ಮಾಡಿರಲ್ಲ, ಎಲ್ಲರೂ ‘ಇದೊಂದು ಚಿಕ್ಕದು’ ಅಂತ ಸೇರಿಸಿರ್ತಾರೆ, ಕೊನೆಗೆ ಪ್ರಾಜೆಕ್ಟ್ ಮುಳುಗುತ್ತೆ. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ 14,654 ವಯಸ್ಕ ಐಸಿಯು ರೋಗಿಗಳ ದಾಖಲೆಗಳನ್ನು ಜಾಲಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅಲ್ಲಿ ಒಟ್ಟು ದ್ರವದ ಸುಮಾರು ಮೂರನೇ ಒಂದು ಭಾಗ ಈ ತೆವಳುವ ದ್ರವವೇ ಆಗಿತ್ತು. ಪ್ರಾಣ ಉಳಿಸೋಕೆ ಅಂತ ತುರ್ತಾಗಿ ಸುರಿದದ್ದು ಶೇ 6.5 ಮಾತ್ರ. ನಾವು ವಾದ ಮಾಡೋದೆಲ್ಲ ಆ ಆರೂವರೆಯ ಬಗ್ಗೆ. ನೆನಪಿಡಿ, ಅವರು ವಯಸ್ಕರು. ಪೈಪು ತೊಳೆಯೋ 5 ಮಿ.ಲೀ. ನಿಮಗೂ ಅಷ್ಟೇ, ಮಗುವಿಗೂ ಅಷ್ಟೇ. ತೂಕ ಮಾತ್ರ ಆರನೇ ಒಂದು ಭಾಗ.

ಈಗ ನಮ್ಮವರ ಮೇಲಿನ ಜಗಳ. ಎಷ್ಟೋ ಕಡೆ ಇಂಟೇಕ್-ಔಟ್‌ಪುಟ್ ಚಾರ್ಟಿನಲ್ಲಿ ಡ್ರಿಪ್ಪಿಗೆ ಒಂದು ಕಾಲಮ್, ಹಾಲಿಗೆ ಒಂದು ಕಾಲಮ್, ಮೂತ್ರಕ್ಕೆ ಒಂದು ಕಾಲಮ್ ಇರುತ್ತೆ. ಮದ್ದು ಬೆರೆಸಿದ ನೀರಿಗೆ ಕಾಲಮ್ಮೇ ಇರಲ್ಲ, ಇದ್ದರೂ ಖಾಲಿ. ಪೈಪು ತೊಳೆದದ್ದನ್ನು ಬರೆಯೋರು ಇನ್ನೂ ಅಪರೂಪ. ಆದರೆ ಡಿಸ್ಚಾರ್ಜ್ ದಿನ ಬರೋ ಬಿಲ್ ನೋಡಿ. 100 ಮಿ.ಲೀ. ಸಲೈನ್ ಬಾಟ್ಲಿ ಇಷ್ಟು, 10 ಮಿ.ಲೀ. ಸಿರಿಂಜ್ ಇಷ್ಟು ಅಂತ ಒಂದೊಂದೂ ಎಣಿಸಿ ಹಾಕಿರ್ತಾರೆ. ಬಿಲ್ಲಿಗೆ ಬರುವ ಬಾಟ್ಲಿ ಚಾರ್ಟಿಗೆ ಯಾಕೆ ಬರಲ್ಲ? ಎಣಿಸೋಕೆ ಬರಲ್ಲ ಅನ್ನೋ ಸಬೂಬು ನಡೆಯಲ್ಲ ಸ್ವಾಮಿ, ಎಣಿಸೋಕೆ ಬರುತ್ತೆ ಅನ್ನೋದಕ್ಕೆ ಬಿಲ್ಲೇ ಸಾಕ್ಷಿ.

ದಯವಿಟ್ಟು ಇದನ್ನ ನರ್ಸುಗಳ ತಲೆಗೆ ಕಟ್ಟಬೇಡಿ. ರಾತ್ರಿ ಪಾಳಿಯಲ್ಲಿ ಮೂರು ನಾಲ್ಕು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಸಿಸ್ಟರ್‌ಗೆ, ಅಲಾರಂ ಹೊಡೆಯೋ ಪಂಪುಗಳ ನಡುವೆ, ‘ತೊಳೆದ 5 ಮಿ.ಲೀ. ಬರೀಲಿಲ್ಲ ಯಾಕೆ’ ಅಂತ ಗದರೋದು ಸುಲಭ. ಆ ಚಾರ್ಟು ಮಾಡಿದವರು ಯಾರು, ಪಾಳಿಗೆ ಇಷ್ಟೇ ಜನ ಅಂತ ನಿರ್ಧರಿಸಿದವರು ಯಾರು ಅಂತ ಕೇಳೋದು ಕಷ್ಟ. ಕಷ್ಟದ ಪ್ರಶ್ನೆಯನ್ನೇ ಕೇಳಬೇಕು. ಔಷಧಿ ಕಂಪನಿಗಳೂ ಇದರಲ್ಲಿ ಪಾಲುದಾರರು. ನರದ ಪ್ಯಾರಾಸಿಟಮಾಲ್ 100 ಮಿ.ಲೀ. ಬಾಟ್ಲಿಯಲ್ಲಿ ಬರುತ್ತೆ, ಒಳಗೆ ಇಡೀ ಒಂದು ಗ್ರಾಂ, ದೊಡ್ಡವರ ಡೋಸು. ನಮ್ಮ ಮಗುವಿಗೆ ಬೇಕಾದದ್ದು 18 ಮಿ.ಲೀ. ಅದನ್ನ ಸಿರಿಂಜಿಗೆ ಎಳೆದುಕೊಳ್ಳದೆ ಬಾಟ್ಲಿಯನ್ನೇ ತೂಗುಹಾಕಿ ಮೈಮರೆತರೆ, ನೀರೂ ಐದು ಪಟ್ಟು, ಮದ್ದೂ ಐದು ಪಟ್ಟು.

‘ಸ್ವಲ್ಪ ನೀರು ಜಾಸ್ತಿ ಆದ್ರೆ ಏನಾಗುತ್ತೆ ಬಿಡ್ರೀ’ ಅನ್ನೋರಿಗೆ ಇನ್ನೊಂದು ಲೆಕ್ಕ. ಒಳಗೆ ಹೋದದ್ದರಲ್ಲಿ ಹೊರಗೆ ಬಂದದ್ದನ್ನು ಕಳೆದು, ಉಳಿದ ಲೀಟರನ್ನು ಮಗುವಿನ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಶೇಕಡಾವಾರು ಹೆಚ್ಚುವರಿ ದ್ರವ ಸಿಗುತ್ತೆ. 12 ಕೆಜಿ ಮಗುವಿನಲ್ಲಿ 1.2 ಲೀಟರ್ ಉಳಿದರೆ ಶೇ 10. ಮೇಲಿನ ಮೊದಲನೇ ದಾರಿ ಹಿಡಿದರೆ ಎರಡು ಮೂರು ದಿನದಲ್ಲಿ ತಲುಪಬಹುದಾದ ಜಾಗ ಅದು. 70 ಕೆಜಿ ತೂಕದ ನಿಮ್ಮೊಳಗೆ ಏಳು ಲೀಟರ್ ನೀರು ಹೊರಗೆ ಹೋಗದೆ ಕೂತ ಹಾಗೆ. ಅದರಲ್ಲೊಂದು ಪಾಲು ಶ್ವಾಸಕೋಶದಲ್ಲಿ ಇದ್ದಾಗ ಉಸಿರಾಡಿ ನೋಡಿ. 44 ಅಧ್ಯಯನಗಳ 7,507 ಮಕ್ಕಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಹೆಚ್ಚುವರಿ ದ್ರವ ಒಂದೊಂದು ಶೇಕಡಾ ಏರಿದಂತೆ ಸಾವಿನ ಸಂಭವ ಸುಮಾರು ಶೇ 6ರಷ್ಟು ಏರಿದ್ದು ಕಂಡುಬಂತು. ಹೆಚ್ಚು ಕಾಯಿಲೆಯ ಮಕ್ಕಳಿಗೇ ಹೆಚ್ಚು ದ್ರವ ಹೋಗಿರುತ್ತೆ ಅಲ್ವಾ, ಇದು ಕಾರಣವೋ ಲಕ್ಷಣವೋ ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ.

ಅದಕ್ಕೆ ಉತ್ತರ ಬೇಕಿದ್ದರೆ ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಗುಂಪು ಮಾಡಿ ನೋಡಬೇಕು. ಹಾಗೆ ನೋಡಿದ್ದೂ ಇದೆ. ಉಗಾಂಡ, ಕೀನ್ಯಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ, ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿದ್ದ 3,141 ಮಕ್ಕಳ ಮೇಲೆ ಫೀಸ್ಟ್ ಎಂಬ ಹೆಸರಿನ ಪ್ರಯೋಗ ನಡೀತು. ಕೆಲವರಿಗೆ ಬಂದ ಕೂಡಲೇ ವೇಗವಾಗಿ ಸಲೈನ್ ಇಲ್ಲವೇ ಅಲ್ಬುಮಿನ್, ಉಳಿದವರಿಗೆ ನಿಧಾನದ ಡ್ರಿಪ್ ಮಾತ್ರ. ವೇಗವಾಗಿ ಕೊಟ್ಟರೆ ಹೆಚ್ಚು ಮಕ್ಕಳು ಉಳೀತಾರೆ ಅನ್ನೋದು ಆಗಿನ ಪಾಠ. 2011ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಕುರ್ಚಿಯಿಂದ ಎದ್ದು ಕೂತರು. 48 ಗಂಟೆಯೊಳಗೆ ತೀರಿಕೊಂಡವರು ಅಲ್ಬುಮಿನ್ ಗುಂಪಿನಲ್ಲಿ ಶೇ 10.6, ಸಲೈನ್ ಗುಂಪಿನಲ್ಲಿ ಶೇ 10.5, ನಿಧಾನದ ಗುಂಪಿನಲ್ಲಿ ಶೇ 7.3. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯ್ತು. ಅಲ್ಲಿ ವೆಂಟಿಲೇಟರ್ ಸೌಲಭ್ಯ ಇರಲಿಲ್ಲ, ವಾಂತಿಭೇದಿಯ ಮಕ್ಕಳನ್ನು ಸೇರಿಸಿರಲಿಲ್ಲ, ಹಾಗಾಗಿ ಎಲ್ಲ ಕಡೆಗೂ ಹಾಗೇ ಅನ್ವಯಿಸಲು ಬರಲ್ಲ. ಆದರೆ ‘ನೀರಿನಿಂದ ಏನಾಗುತ್ತೆ ಬಿಡ್ರೀ’ ಅನ್ನೋ ಮಾತು ಅವತ್ತೇ ಸತ್ತುಹೋಯ್ತು. ನೀರೂ ಒಂದು ಮದ್ದು. ಅದಕ್ಕೂ ಡೋಸ್ ಇದೆ, ಅಡ್ಡಪರಿಣಾಮ ಇದೆ.

ಯಾವ ನೀರು ಅನ್ನೋದೂ ಮುಖ್ಯ. ಉಪ್ಪಿನಂಶ ಕಡಿಮೆ ಇರುವ ದ್ರವವನ್ನು, ನೀರು ಹಿಡಿದಿಟ್ಟುಕೊಳ್ತಿರೋ ದೇಹಕ್ಕೆ ಹಾಕಿದರೆ ರಕ್ತದ ಸೋಡಿಯಂ ತೆಳುವಾಗುತ್ತೆ. ಮಿದುಳಿನ ಕೋಶಗಳು ನೀರು ಹೀರಿ ಊದುತ್ತವೆ, ತಲೆಬುರುಡೆ ಹಿಗ್ಗಲ್ಲ. ಮೊದಲು ವಾಂತಿ, ಮಂಪರು, ಆಮೇಲೆ ಫಿಟ್ಸ್, ಆಮೇಲೆ ಉಸಿರು ನಿಲ್ಲುತ್ತೆ. ಉತ್ತರ ಐರ್ಲೆಂಡಿನಲ್ಲಿ 1995ರಿಂದ 2003ರ ನಡುವೆ ತೀರಿಕೊಂಡ ಐದು ಮಕ್ಕಳ ಬಗ್ಗೆ, ಡ್ರಿಪ್ ದ್ರವದ ನಿರ್ವಹಣೆಯನ್ನೇ ಕೇಂದ್ರವಾಗಿಟ್ಟು, 2004ರಲ್ಲಿ ಸಾರ್ವಜನಿಕ ತನಿಖೆ ಶುರುವಾಯ್ತು. ವರದಿ ಬಂದದ್ದು 2018ರ ಜನವರಿಯಲ್ಲಿ. ಹದಿನಾಲ್ಕು ವರ್ಷ! ತಪ್ಪಿಸಬಹುದಾದ ಸಾವುಗಳಿದ್ದವು ಅಂತ ವರದಿ ಹೇಳಿತು. ಅದಕ್ಕಿಂತ ಕಟುವಾಗಿ, ಅಪ್ಪ ಅಮ್ಮಂದಿರಿಗೆ ನಿಜ ಹೇಳದೆ ಮುಚ್ಚಿಟ್ಟದ್ದನ್ನು ಎತ್ತಿ ತೋರಿಸಿತು. ರೋಗಿಗೆ, ಮನೆಯವರಿಗೆ ನಡೆದದ್ದನ್ನು ನಡೆದ ಹಾಗೆ ಹೇಳೋದು ಕಾನೂನಿನ ಕರ್ತವ್ಯ ಆಗಬೇಕು ಅಂತ ಶಿಫಾರಸು ಮಾಡಿತು. ಅದೇ 2018ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, 28 ದಿನದಿಂದ 18 ವರ್ಷದವರೆಗಿನ ಬಹುಪಾಲು ಮಕ್ಕಳಿಗೆ ರಕ್ತದಷ್ಟೇ ಸೋಡಿಯಂ ಇರುವ ದ್ರವವನ್ನೇ ಬಳಸಿ ಅಂತ ಮಾರ್ಗಸೂಚಿ ಕೊಟ್ಟಿತು. ದ್ರವ ಬದಲಾಯ್ತು, ಒಳ್ಳೆಯದೇ. ಆದರೆ ಒಳ್ಳೆಯ ದ್ರವವೂ ಅಳತೆ ಮೀರಿದರೆ ಊತವೇ.

ಇಷ್ಟು ಓದಿ ಯಾರಾದರೂ ‘ಹಾಗಾದ್ರೆ ಡ್ರಿಪ್ಪೇ ಬೇಡ’ ಅಂತ ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡಿದರೆ, ಅವರ ಮೇಲೂ ನನ್ನ ಜಗಳ ಇದೆ. ನೀರಿಲ್ಲದೆ ಸತ್ತ ಮಕ್ಕಳ ಸಂಖ್ಯೆಗೆ ಹೋಲಿಸಿದರೆ ನೀರು ಹೆಚ್ಚಾಗಿ ಸತ್ತವರು ಏನೂ ಅಲ್ಲ. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡ್ರಿಪ್ ಬಾಟ್ಲಿಗಳು ಮುಗಿದುಹೋದವು. ಡಾ. ದಿಲೀಪ್ ಮಹಲನಬಿಸ್ ಸಕ್ಕರೆ ಉಪ್ಪು ಬೆರೆಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿ, ಮನೆಯವರ ಕೈಯಲ್ಲೇ ಕುಡಿಸಿದರು. ಶೇ 30ರ ಹತ್ತಿರ ಇದ್ದ ಸಾವು ಶೇ 3.6ಕ್ಕೆ ಇಳೀತು. ಓಆರ್‌ಎಸ್ ಲೋಕಕ್ಕೆ ಕಾಣಿಸಿದ್ದು ಹಾಗೆ. ಡೆಂಗ್ಯೂ ನೋಡಿ. 2024ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ಅಂತ ಅಧಿಸೂಚನೆ ಹೊರಡಿಸಬೇಕಾಯ್ತು. ಅದರಲ್ಲಿ ರಕ್ತನಾಳಗಳು ಸೋರುವ 24ರಿಂದ 48 ಗಂಟೆ ದ್ರವ ಕೊಡದಿದ್ದರೆ ಮಗು ಉಳಿಯಲ್ಲ. ಆ ಅವಧಿ ಮುಗಿದು ಸೋರಿದ ನೀರು ರಕ್ತಕ್ಕೆ ವಾಪಸ್ ಬರುವಾಗಲೂ ಡ್ರಿಪ್ ನಿಲ್ಲಿಸದಿದ್ದರೆ ಶ್ವಾಸಕೋಶ ತುಂಬಿಕೊಳ್ಳುತ್ತೆ. ಅದೇ ಮಗು, ಅದೇ ಬಾಟ್ಲಿ. ಸೋಮವಾರ ಅಮೃತ, ಬುಧವಾರ ವಿಷ. ಸೆಪ್ಸಿಸ್ಸಿಗೂ ಹಾಗೇ, ಐಸಿಯು ಸೌಲಭ್ಯ ಇರುವ ಕಡೆ ಮೊದಲ ಗಂಟೆಯಲ್ಲಿ ಧೈರ್ಯವಾಗಿ ಕೊಡಿ, ಪ್ರತಿ ಸಲ ಕೊಟ್ಟಾದ ಮೇಲೆ ಮಗುವನ್ನು ನೋಡಿ, ನೀರು ಹೆಚ್ಚಾದ ಸೂಚನೆ ಕಂಡರೆ ನಿಲ್ಲಿಸಿ ಅಂತಲೇ 2020ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳೋದು. ನಾನು ಕೇಳ್ತಿರೋದು ಕಡಿಮೆ ಕೊಡಿ ಅಂತಲ್ಲ. ಎಣಿಸಿ ಕೊಡಿ ಅಂತ.

ಎಣಿಸಿದರೆ ಏನು ಲಾಭ? ಮತ್ತೆ ಅದೇ 12 ಕೆಜಿ ಮಗುವಿಗೆ ಬನ್ನಿ. ಹೊಟ್ಟೆ ಕೆಲಸ ಮಾಡ್ತಿದೆ, ಮೂಗಿನ ಟ್ಯೂಬಿನಲ್ಲಿ ಹಾಲು ಹೋಗ್ತಿದೆ ಅಂದ್ಕೊಳ್ಳಿ. ಹಾಗಿದ್ದರೆ ಪ್ಯಾರಾಸಿಟಮಾಲ್ ನರದಲ್ಲೇ ಯಾಕೆ? ಮಕ್ಕಳ ಸಿರಪ್ಪಿನಲ್ಲಿ 18 ಮಿ.ಲೀ. ಬದಲು ಮೂರೂವರೆ ಚಿಲ್ಲರೆ ಸಾಕು. ಲೆವೆಟಿರಾಸೆಟಮ್ ಬಾಯಿಂದ ಕೊಟ್ಟರೂ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತೆ. ಫಿಟ್ಸ್ ಹಿಡಿತಕ್ಕೆ ಬಂದ ಮೇಲೆ 16 ಮಿ.ಲೀ. ಬದಲು ಎರಡೂವರೆ ಮಿ.ಲೀ.ಗಿಂತ ಕಡಿಮೆ ಸಿರಪ್ ಸಾಕು. ಕುತ್ತಿಗೆಯ ದೊಡ್ಡ ಲೈನ್ ಇದ್ದರೆ ವ್ಯಾಂಕೊಮೈಸಿನ್ನನ್ನು ಎರಡು ಪಟ್ಟು ಗಾಢವಾಗಿ ಕೊಡಬಹುದು, 144 ಇದ್ದದ್ದು 72 ಆಗುತ್ತೆ. ಪಂಪಿನ ಮದ್ದುಗಳನ್ನೂ ಗಾಢ ಮಾಡಿ ವೇಗ ಅರ್ಧಕ್ಕಿಳಿಸಿದರೆ 36. ನರದ ಡೋಸುಗಳು 14ರಿಂದ 8ಕ್ಕೆ ಇಳಿದವು, ತೊಳೆಯೋಕೆ ಸಲಕ್ಕೆ 3 ಮಿ.ಲೀ. ಸಾಕು ಅಂದ್ರೆ 24. ಎಲ್ಲ ಸೇರಿ 540 ಇದ್ದದ್ದು ಸುಮಾರು 300 ಆಯ್ತು. ಹಾಲಿಗೆ ಉಳಿದ ಜಾಗ 230ರಿಂದ 470. ಎರಡು ಪಟ್ಟು ಊಟ. ಹೊಸ ಯಂತ್ರ ಇಲ್ಲ, ಹೊಸ ಔಷಧಿ ಇಲ್ಲ, ಬರೀ ಲೆಕ್ಕ.

ಇದನ್ನ ಗೂಗಲ್ ನೋಡಿ ಯಾರೋ ಮಾಡೋಕೆ ಬರಲ್ಲ ಅನ್ನೋದೂ ನಿಜ. ಗಾಢ ಮದ್ದು ಕೈಯ ಸಣ್ಣ ನರಕ್ಕೆ ಹೋದರೆ ನರ ಸುಟ್ಟುಹೋಗುತ್ತೆ. ಫೆನಿಟಾಯಿನ್ ಸಲೈನಿನಲ್ಲೇ ಬೆರೆಸಬೇಕು, ಗ್ಲೂಕೋಸಿನಲ್ಲಿ ಹರಳುಗಟ್ಟುತ್ತೆ. ಆಂಫೊಟೆರಿಸಿನ್ ತದ್ವಿರುದ್ಧ, ಸಲೈನ್ ತಾಗಿದರೆ ಕೆಟ್ಟಿತು. ಪೊಟ್ಯಾಸಿಯಂ ಗಾಢವಾಗಿ ವೇಗವಾಗಿ ಹೋದರೆ ಹೃದಯ ನಿಲ್ಲುತ್ತೆ. ಈ ಲೆಕ್ಕಕ್ಕೆ ಅಂತಲೇ ಓದಿದ ಒಬ್ಬರು ಬೇಕು, ಹಾಸಿಗೆಯ ಪಕ್ಕದಲ್ಲಿ, ರೌಂಡ್ಸಿನ ಹೊತ್ತಿಗೆ. ಅಂಥವರು ನಮ್ಮಲ್ಲಿ ಇಲ್ವಾ? 2008ರಿಂದ ಈ ದೇಶದಲ್ಲಿ ಫಾರ್ಮ್-ಡಿ ಅನ್ನೋ ಆರು ವರ್ಷದ ಕೋರ್ಸ್ ಇದೆ. ಕರ್ನಾಟಕದ ಕಾಲೇಜುಗಳಿಂದ ವರ್ಷವರ್ಷ ಹುಡುಗ ಹುಡುಗಿಯರು ಪಾಸಾಗಿ ಬರ್ತಾರೆ. ಬಂದು ಎಲ್ಲಿಗೆ ಹೋಗ್ತಾರೆ ಗೊತ್ತಾ? ನಿಮ್ಮ ಆಫೀಸಿನ ಪಕ್ಕದ ಬಿಲ್ಡಿಂಗಿಗೆ. ಮೆಡಿಕಲ್ ಕೋಡಿಂಗ್ ಮಾಡೋಕೆ, ಯಾವುದೋ ದೂರದ ದೇಶದ ರೋಗಿಗೆ ಆದ ಅಡ್ಡಪರಿಣಾಮವನ್ನು ಡೇಟಾಬೇಸಿಗೆ ತುಂಬೋಕೆ. ಆಸ್ಪತ್ರೆಗಳು ಅವರನ್ನು ಮಾನ್ಯತೆಯ ತಪಾಸಣೆ ಬಂದಾಗ ಫೈಲು ತೋರಿಸೋಕೆ ಇಟ್ಕೊಳ್ತಾವೆ, ಇಲ್ಲಾ ಇಟ್ಕೊಳ್ಳೋದೇ ಇಲ್ಲ. ಲಾಬಿಗೆ ಇಟಾಲಿಯನ್ ಮಾರ್ಬಲ್ ಹಾಕೋಕೆ ದುಡ್ಡಿದೆ, ಮಕ್ಕಳ ಐಸಿಯುಗೆ ಒಬ್ಬ ಫಾರ್ಮಸಿಸ್ಟ್ ಇಡೋಕೆ ಬಜೆಟ್ ಇಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಮಕ್ಕಳ ಐಸಿಯು ನಡೆಸುವ ಪ್ರತಿ ಆಸ್ಪತ್ರೆಯ ಚಾರ್ಟಿನಲ್ಲಿ ಮದ್ದಿನ ನೀರಿಗೂ ತೊಳೆದ ನೀರಿಗೂ ಒಂದು ಕಾಲಮ್ ಇರಲಿ. ದಿನಕ್ಕೆ ಇಷ್ಟೇ ಅಂತ ಬರೆದ ಅಂಕಿಯೊಳಗೇ ಅವೂ ಸೇರಲಿ. ಸಾಧ್ಯವಿದ್ದ ಮಕ್ಕಳನ್ನು ದಿನಾ ತೂಗಲಿ, ಡೈಪರ್ ತೂಗಲಿ. ಒಂದು ಗ್ರಾಂ ಅಂದ್ರೆ ಒಂದು ಮಿ.ಲೀ., ತಕ್ಕಡಿಗೆ ಎಷ್ಟು ದುಡ್ಡು? ನರದ ಮದ್ದನ್ನು ಬಾಯಿಗೆ ಬದಲಿಸಬಹುದಾ ಅಂತ ದಿನಕ್ಕೊಮ್ಮೆ ಯಾರಾದರೂ ಜೋರಾಗಿ ಕೇಳಲಿ. ಆ ಕೇಳುವವರಿಗೆ ಸಂಬಳ ಕೊಟ್ಟು ಇಟ್ಟುಕೊಳ್ಳಲಿ.

ನಿಮ್ಮ ಪಾಲಿನದೂ ಇದೆ. ನಿಮ್ಮಲ್ಲಿ ಅನೇಕರು ಈಗಷ್ಟೇ ಅಪ್ಪ ಅಮ್ಮ ಆಗಿದ್ದೀರಿ, ಇಲ್ಲಾ ಆಗೋರಿದ್ದೀರಿ. ಓಪಿಡಿಯಲ್ಲಿ ಡಾಕ್ಟ್ರು ‘ಡ್ರಿಪ್ ಬೇಡ, ಬಾಯಲ್ಲಿ ಕುಡಿಸಿ’ ಅಂದ್ರೆ ಅವರನ್ನು ‘ಏನೂ ಮಾಡಲಿಲ್ಲ’ ಅಂತ ಒಂದು ಸ್ಟಾರ್ ಕೊಟ್ಟು ಬರಬೇಡಿ. ಅವರು ನಿಮಗೆ ಉಪಕಾರ ಮಾಡಿದ್ದಾರೆ. ಆ ದಿನ ಬರದಿರಲಿ, ಒಂದು ವೇಳೆ ಮಗು ಐಸಿಯು ಸೇರಿದರೆ ಗೂಗಲ್ ಮಾಡಿಕೊಂಡು ಬಂದು ಡೋಸಿನ ಬಗ್ಗೆ ವಾದ ಮಾಡಬೇಡಿ, ಕಾಲಿಗೂ ಬೀಳಬೇಡಿ. ದಿನಕ್ಕೊಮ್ಮೆ ಸಮಾಧಾನವಾಗಿ ಮೂರು ಪ್ರಶ್ನೆ ಕೇಳಿ. ‘ಡಾಕ್ಟ್ರೇ, ನಿನ್ನೆ ಒಳಗೆ ಎಷ್ಟು ಹೋಯ್ತು, ಹೊರಗೆ ಎಷ್ಟು ಬಂತು?’ ‘ಆ ಲೆಕ್ಕದಲ್ಲಿ ಮದ್ದು ಬೆರೆಸಿದ ನೀರೂ ಸೇರಿದೆಯಾ?’ ‘ಊಟ ಯಾವಾಗ, ಎಷ್ಟು?’ ಒಳ್ಳೆಯ ಐಸಿಯುನ ವೈದ್ಯರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರಲ್ಲ, ಅವರ ಹತ್ತಿರ ಅಂಕಿ ತಯಾರಿರುತ್ತೆ. ತಯಾರಿಲ್ಲದ ಕಡೆ, ಮಾರನೇ ದಿನ ನೀವು ಮತ್ತೆ ಕೇಳ್ತೀರಿ ಅಂತ ಗೊತ್ತಾದರೆ ತಯಾರಾಗುತ್ತೆ.

ಆ ಪ್ರಶ್ನೆ ಕೇಳಿದ್ದಕ್ಕೆ ಯಾರಾದರೂ ಮುಖ ಸಿಂಡರಿಸಿದರೆ ಬೇಜಾರಾಗಬೇಡಿ. ಬಿಲ್ಲಿನಲ್ಲಿ ಎಷ್ಟು ಬಾಟ್ಲಿ ಅಂತ ಕೇಳೋ ಹಕ್ಕು ನಿಮಗೆ ಇದೆ ಅಂತಾದ್ರೆ, ಮಗುವಿನೊಳಗೆ ಎಷ್ಟು ಹೋಯ್ತು ಅಂತ ಕೇಳೋ ಹಕ್ಕು ಅದಕ್ಕಿಂತ ದೊಡ್ಡದು.